ಅರವತ್ತೆರಡು ಮಿಲಿಮೀಟರ್

ಶಂಕರಕಾಕಾ ನಕ್ಕರು ಎಂದೇ ಇಷ್ಟು ವರ್ಷ ಹೇಳುತ್ತ ಬಂದಿದ್ದೇನೆ. "ಸ್ಟಿಕ್ಕು ಮಾರಿಮಟಾ ಬಂದ್ರ ಅಂಪೈರ್ ಸೀಟಿ ಊದ್ತಾನಲೇ, ನಿನಗ್ಯಾಕ ಕಾಳಜಿ?" ಎಂದು ನಕ್ಕು, ಕಿವಿಯ ಮೇಲೆ ಸಿಕ್ಕಿಸಿಕೊಂಡಿದ್ದ ಪೆನ್ನು ತೆಗೆದು ಕಾಗದಕ್ಕೆ ಸಹಿ ಹಾಕಿದರು ಎಂದು. ಇದು ನಡೆಯಿತೋ ಇಲ್ಲವೋ ಈಗ ನನಗೆ ಖಾತ್ರಿಯಿಲ್ಲ. ನಡೆದಿರಬಹುದು. ಆದರೆ ಇದು ನನಗೆ ಅನುಕೂಲವಾದ ನೆನಪು, ಮತ್ತು ಅನುಕೂಲವಾದ ನೆನಪನ್ನು ಎರಡು ಸಲ ತಟ್ಟಿ ನೋಡಬೇಕು ಎಂಬುದೊಂದೇ ನಾನು ವಿಶ್ವವಿದ್ಯಾಲಯದಲ್ಲಿ ಕಲಿತದ್ದರಲ್ಲಿ ಇವತ್ತಿಗೂ ಕೈಯಲ್ಲಿ ಉಳಿದಿರುವುದು.

ಹೋದ ತಿಂಗಳು ಅವ್ವನ ಕಣ್ಣಿನ ಪೊರೆ ತೆಗೆಸಲು ಮಿರಜಿಗೆ ಕರೆದುಕೊಂಡು ಹೋಗಿದ್ದೆ. ಆಪರೇಶನ್ ಮುಗಿದ ಮೇಲೆ ನರ್ಸು ಅವಳ ಕಣ್ಣಿನ ಮೇಲೆ ತೂತುತೂತಾದ ಒಂದು ಪ್ಲಾಸ್ಟಿಕ್ ಮುಚ್ಚಳ ಇಟ್ಟು ಪಟ್ಟಿ ಅಂಟಿಸಿದಳು. "ಬಗ್ಗಬ್ಯಾಡ್ರಿ, ಕೈ ಹಚ್ಚಬ್ಯಾಡ್ರಿ" ಎಂದಳು. ನಾನು ಆ ತೂತುಗಳನ್ನೇ ನೋಡುತ್ತ ನಿಂತೆ. ಎರಡು ಮಿಲಿಮೀಟರ್ ಇದ್ದಾವು. ಇದರಲ್ಲಿ ಏನು ಒಳಗೆ ಹೋಗಬಹುದು, ಏನು ಹೋಗಲಾರದು ಎಂದು ತಲೆ ತಾನಾಗಿಯೇ ಲೆಕ್ಕ ಹಾಕತೊಡಗಿತು. ಹಿಂದಿನ ಗೋಡೆಗೆ ಒರಗಿದೆ. "ಏನಾತೋ, ನಿನಗ ಆಪರೇಶನ್ ಆಗೇತೇನ?" ಎಂದು ಅವ್ವ ಉಳಿದ ಒಂದು ಕಣ್ಣಿನಿಂದ ನನ್ನನ್ನು ನೋಡಿ ಚೇಷ್ಟೆ ಮಾಡಿದಳು. ನಾನು ಹೊರಗೆ ಬಂದು ಪಾವಟಿಗೆಯ ಮೇಲೆ ಕುಳಿತೆ.

ಕಾಕಾ ನಕ್ಕರೆನ್ನುವ ಆ ಬೇಸಿಗೆ ನಾನು ಸಾಂಗ್ಲಿಯಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ, ವಿಷಯ ಭೌತಶಾಸ್ತ್ರ. ಮನೆ ಮಾಧವನಗರದ ಚಾಳದಲ್ಲಿ, ಒಂದೇ ಸಾಲಿನ ಬಾಡಿಗೆ ಮನೆಗಳು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ನಮ್ಮ ಚಾಳದ್ದೊಂದು ಹಾಕಿ ತಂಡವಿತ್ತು. ಅದಕ್ಕೆ ಸರಿಯಾದ ಹೆಸರು ಕೂಡ ಇರಲಿಲ್ಲ. ಪಂದ್ಯಾವಳಿಯ ಚೀಟಿಯಲ್ಲಿ ಪ್ರತಿ ವರ್ಷ ಬೇರೆ ಬೇರೆ ಹೆಸರು ಬರೆಸುತ್ತಿದ್ದರು, ಸೋತ ಹೆಸರು ಅಪಶಕುನ ಎಂದು. ಹಾಗೆ ಬಹಳ ಹೆಸರುಗಳು ಖರ್ಚಾಗಿದ್ದವು. ಆಟಗಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕುಪವಾಡದ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಪಾಳಿಯ ಕೆಲಸದವರು. ಮೊದಲ ಪಾಳಿ ಬಿಟ್ಟ ಮೇಲೆ, ಕೈಗೆ ಹತ್ತಿದ ಎಣ್ಣೆ ತೊಳೆಯದೆ ಮೈದಾನಕ್ಕೆ ಬರುತ್ತಿದ್ದರು. ಹನ್ನೊಂದು ಮಂದಿ ಕೂಡಿದ ದಿನ ನಾನು ಗೆರೆಯಾಚೆ ಕೂಡುತ್ತಿದ್ದೆ. ಹತ್ತೇ ಮಂದಿ ಬಂದ ದಿನ ಬಲಬದಿಯಲ್ಲಿ ನಿಂತು ಎದುರಿನವರಿಗೆ ದಾರಿ ಬಿಡುತ್ತಿದ್ದೆ. ಆ ತಂಡಕ್ಕೆ ನಾನೇಕೆ ಅಷ್ಟು ಅಂಟಿಕೊಂಡಿದ್ದೆ ಎಂದು ಕೇಳಿದರೆ ನಿಷ್ಠೆ ಎಂದು ಹೇಳುತ್ತಿದ್ದೆ. ನಿಜವೆಂದರೆ, ಗೆಲ್ಲುವ ತಂಡಕ್ಕೆ ನನ್ನಂಥವನ ಅಗತ್ಯ ಬೀಳುತ್ತಿರಲಿಲ್ಲ. ಇಂಗ್ಲಿಷ್ ನಿಯಮಗಳನ್ನು ಫೋನಿನಲ್ಲಿ ಓದಿ ಹೇಳುವವನು ಎಂದು ಇಲ್ಲಿ ನನಗೊಂದು ಜಾಗವಿತ್ತು. ಎಲ್ಲರೂ ನನ್ನನ್ನು 'ಬೀಎಸ್ಸಿ' ಎಂದೇ ಕರೆಯುತ್ತಿದ್ದರು. ಮಲ್ಲು ಮಾತ್ರ ರವ್ಯಾ ಎನ್ನುತ್ತಿದ್ದ.

ಮಲ್ಲು ನಮ್ಮ ಗೋಲ್‌ಕೀಪರ್. ಜತ್ತ ಕಡೆಯ ಹಳ್ಳಿಯವನು; ಮನೆಯಲ್ಲಿ ಕುರಿ, ಸ್ವಲ್ಪ ಹೊಲ. ಕುಪವಾಡದ ಒಂದು ವರ್ಕ್‌ಶಾಪಿನಲ್ಲಿ ಲೇಥ್ ಮೇಲೆ ಟರ್ನರ್ ಆಗಿದ್ದ. ಅವನ ಮರಾಠಿ ಕೆಲಸಕ್ಕೆ ಸಾಕಾಗುವಷ್ಟಿತ್ತು, ಜಗಳಕ್ಕೆ ಸಾಲುತ್ತಿರಲಿಲ್ಲ. ಆದ್ದರಿಂದ ಬೈಯುವುದಕ್ಕೆ ನಾನೇ ಬೇಕಾಗುತ್ತಿದ್ದೆ. ಲೇಥ್ ಮುಂದೆ ನಿಂತಾಗ ಕಬ್ಬಿಣದ ಮೇಲೆ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಬರಿಗಣ್ಣಿನಿಂದಲೇ ಹಿಡಿಯುತ್ತಿದ್ದ. ಅದೇ ಕಣ್ಣು ಗೋಲಿನ ಮುಂದೆ ಕೆಲಸ ಮಾಡುತ್ತಿತ್ತು. ಆ ವರ್ಷ ನಾವು ಎರಡು ಸುತ್ತು ಗೆದ್ದೆವು. ನಾವು ಗೆದ್ದೆವು ಅನ್ನುವುದಕ್ಕಿಂತ, ಮಲ್ಲು ಗೋಲು ಬಿಡಲಿಲ್ಲ, ನಮ್ಮವರು ಹೇಗೋ ಒಂದೊಂದು ಹೊಡೆದರು. ಸೆಮಿಫೈನಲ್ ಮಿರಜಿನಲ್ಲಿ, ರವಿವಾರ ಸಂಜೆ. ನನ್ನ ಮೊದಲ ಪೇಪರು ಸೋಮವಾರ ಹನ್ನೊಂದಕ್ಕೆ.

ಎರಡನೆಯ ಸುತ್ತಿನಲ್ಲಿ ಮಲ್ಲುವಿನ ಹೆಲ್ಮೆಟ್ಟು ಒಡೆದಿತ್ತು. ಹೊಸದು ತರುವ ಮಾತೇ ಯಾರೂ ಎತ್ತಲಿಲ್ಲ. ಕುಪವಾಡದವರಿಗೆ ಅಂಗಡಿಯಿಂದ ಏನನ್ನಾದರೂ ತರುವುದೆಂದರೆ ಸೋತಂತೆ. "ಗೇರ್‌ಬಾಕ್ಸ್ ಮಾಡಾಂವ್ರು, ತಲಿಗೊಂದು ಟೊಪ್ಪಿಗಿ ಮಾಡಾಕ ಬರೂದಿಲ್ಲೇನು?" ಎಂದರು ಶಂಕರಕಾಕಾ. ಅವರು ಬುಧಗಾಂವದವರು, ಮಲ್ಲು ಇದ್ದ ವರ್ಕ್‌ಶಾಪಿನ ಟೂಲ್‌ರೂಮಿನ ಮುಖ್ಯಸ್ಥರು, ನಮ್ಮ ತಂಡದ ಕೋಚು. ಹಳೆಯ ಮೋಟರ್‌ಸೈಕಲ್ ಹೆಲ್ಮೆಟ್ಟಿನ ಮುಂಭಾಗ ಕತ್ತರಿಸಿ, ಅಲ್ಲಿ ಕಬ್ಬಿಣದ ಸರಳುಗಳ ಜಾಳಿ ಕೂರಿಸಿದರು. ಮೊದಲ ಜಾಳಿಯಲ್ಲಿ ಸರಳುಗಳ ನಡುವೆ ಎರಡು ಬೆರಳಿನಷ್ಟೂ ಸಂದಿಯಿರಲಿಲ್ಲ. ಮಲ್ಲು ಅದನ್ನು ಹಾಕಿಕೊಂಡು ಒಂದು ಸಂಜೆ ಆಡಿ, ಏಳು ಗೋಲು ಬಿಟ್ಟು, ತೆಗೆದು ಕಾಕಾನ ಮುಂದೆ ಇಟ್ಟ.

"ಕಾಕಾ, ಇದು ಹೆಲ್ಮೆಟ್ ಐತೋ ಕಳಂಬಾ ಜೇಲ ಐತ್ರೀ? ಚೆಂಡು ಬರೂದು ಕಾಣೂದಿಲ್ಲ. ಹೋದದ್ದಷ್ಟ ಕಾಣತೈತಿ."

"ಸಂದಿ ಅಗಲ ಮಾಡೂಣು. ಏ ಬೀಎಸ್ಸಿ, ಎಷ್ಟು ಬಿಡಬೇಕು ನೀ ಹೇಳು. ನಿಮ್ಮಪ್ಪ ಸುಮ್ಮನ ಫೀ ತುಂಬ್ಯಾನೇನು?"

ಆ ವರ್ಕ್‌ಶಾಪಿನ ರೀತಿ ಹೇಳಬೇಕು, ಇಲ್ಲದಿದ್ದರೆ ನಾವು ಮಾಡಿದ ತಪ್ಪು ಅರ್ಥವಾಗುವುದಿಲ್ಲ. ಅಲ್ಲಿ ಒಂದು ರಂಧ್ರ ಸರಿಯಿದೆಯೋ ಇಲ್ಲವೋ ನೋಡಲು ಪ್ರತಿ ಸಲ ಅಳೆಯುತ್ತ ಕೂಡುತ್ತಿರಲಿಲ್ಲ. ಗೊತ್ತಾದ ಅಳತೆಯ ಗೇಜು ಹಾಕಿ ನೋಡುತ್ತಿದ್ದರು. ಹೋಗಬೇಕಾದ ಗೇಜು ಹೋಗಬೇಕು, ಹೋಗಬಾರದ ಗೇಜು ಹೋಗಬಾರದು, ಅಷ್ಟೇ. ಅದೇ ವಾರ ನಾನು ಫೋನಿನಲ್ಲಿ ಒಂದು ನಿಯಮ ಓದಿ ಹೇಳಿದ್ದೆ: ಹಾಕಿ ಸ್ಟಿಕ್ಕು ಐವತ್ತೊಂದು ಮಿಲಿಮೀಟರಿನ ಬಳೆಯೊಳಗಿಂದ ಪಾರಾಗಬೇಕು. ಕಾಕಾ ಆ ಅಳತೆಯ ಒಂದು ಬಳೆಯನ್ನು ಮಲ್ಲುವಿನಿಂದಲೇ ಲೇಥ್ ಮೇಲೆ ಮಾಡಿಸಿದ್ದರು. ತಂಡದ ಸ್ಟಿಕ್ಕುಗಳನ್ನೆಲ್ಲ ಒಂದೊಂದಾಗಿ ಅದರಲ್ಲಿ ತೂರಿಸಿ "ಹೋತು... ಹೋತು... ಹೋತು" ಎಂದು ಎಣಿಸಿದ್ದೆವು. ಬಳೆ ಟೂಲ್‌ರೂಮಿನ ಮೊಳೆಗೆ ತೂಗುಬಿದ್ದಿತ್ತು. ನಾನು ಅದರ ಕೆಳಗೆ ನಿಂತು ವರ್ನಿಯರಿನಿಂದ ಚೆಂಡು ಅಳೆದೆ. ಎಪ್ಪತ್ತೆರಡು ಮಿಲಿಮೀಟರ್. ಚೆಂಡು ಹೋಗಬಾರದು, ಆದ್ದರಿಂದ ಹತ್ತು ಕಳೆದೆ. ಅರವತ್ತೆರಡು.

ಐವತ್ತೊಂದರಲ್ಲಿ ಹೋಗುವುದು ಅರವತ್ತೆರಡರಲ್ಲಿಯೂ ಹೋಗುತ್ತದೆ. ಇದನ್ನು ನಾಲ್ಕನೆಯ ಇಯತ್ತೆಯ ಮಗು ಕೂಡ ಹೇಳೀತು.

ಕಾಕಾನ ಟೂಲ್‌ರೂಮಿನಲ್ಲಿ ಇನ್ನೊಂದು ಶಿಸ್ತು ಇತ್ತು. ಕಾಗದವಿಲ್ಲದೆ ಕಬ್ಬಿಣ ಕಡಿಯುವಂತಿಲ್ಲ. ಸ್ವಂತ ಮನೆಯ ಗೇಟಿನ ಕೊಂಡಿಯಾದರೂ ಸರಿ, ಜಾಬ್‌ಕಾರ್ಡು ಎಂಬ ಕೆಲಸದ ಚೀಟಿಯ ಹಿಂಬದಿಗೆ ಚಿತ್ರ ಬಿಡಿಸಿ, ಅಳತೆ ಬರೆದು, ಕೆಳಗಿನ ಎರಡು ಚೌಕಗಳಲ್ಲಿ ಸಹಿ ಆಗಬೇಕು: ಬಿಡಿಸಿದವನದೊಂದು, ತಪಾಸಣೆ ಮಾಡಿದವನದೊಂದು. "ತಾನ ಬರದದ್ದು ತಾನ ತಪಾಸ್ ಮಾಡಾಂವ ಕುರ್ಡ" ಎನ್ನುತ್ತಿದ್ದರು. ನಾನು ಬಿಡಿಸಿದೆ, ಸಹಿ ಮಾಡಿದೆ. ಆ ಹೊತ್ತಿಗೆ ನನಗೆ ಅವಸರವಿತ್ತು. ಪರೀಕ್ಷೆಯ ಹಾಲ್‌ಟಿಕೆಟ್ಟು ಐದು ಗಂಟೆಯೊಳಗೆ ಕಾಲೇಜಿನಿಂದ ತರಬೇಕಿತ್ತು, ಕುಪವಾಡದಿಂದ ಸಾಂಗ್ಲಿಗೆ ಹೋಗುವ ಶೇರ್ ಆಟೋ ತುಂಬಿದ ಹೊರತು ಹೊರಡುವುದಿಲ್ಲ.

ಇಲ್ಲಿಯೇ ನನ್ನ ನೆನಪಿನಲ್ಲಿ ಕಾಕಾ ನಗುವುದು. ಅವರು ಮೇಜಿನ ಆಚೆ ನಿಂತಿದ್ದಾರೆ, ನಾನು "ಕಾಕಾ, ಸ್ಟಿಕ್ಕು?" ಎನ್ನುತ್ತೇನೆ, ಅವರು ಅಂಪೈರ್ ಮಾತು ಹೇಳುತ್ತಾರೆ, ನಗುತ್ತಾರೆ, ಸಹಿ ಹಾಕುತ್ತಾರೆ. ಈಗ ನಾನು ಬೆಳಗಾವಿಯ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಪ್ರತಿ ವರ್ಷ ಮೊದಲ ವರ್ಷದವರಿಗೆ ಅಳತೆಯ ದೋಷಗಳನ್ನು ಕಲಿಸುವಾಗ ಈ ಕಥೆ ಹೇಳುತ್ತೇನೆ, ಹೆಸರು ಬಿಟ್ಟು. ಹೇಳಿ ಹೇಳಿ ಅದಕ್ಕೊಂದು ನುಣುಪು ಬಂದಿದೆ. ನಗುವ ಜಾಗ, ನಿಲ್ಲಿಸುವ ಜಾಗ ಎಲ್ಲ ಗೊತ್ತು. ಯಾವ ನೆನಪು ಇಷ್ಟು ಚೆನ್ನಾಗಿ ಹೇಳಲು ಬರುತ್ತದೋ ಅದರ ಮೇಲೆ ನನಗೆ ಅನುಮಾನ.

ಶನಿವಾರ ಮಲ್ಲು ಹೊಸ ಜಾಳಿ ಹಾಕಿಕೊಂಡು ಬಂದ. ಪ್ರತಿ ಸಂದಿಗೂ ಚೆಂಡು ಒತ್ತಿ ಒತ್ತಿ ತೋರಿಸಿದ. "ಹೋಗಂಗಿಲ್ಲ, ಹೋಗಂಗಿಲ್ಲ, ಇದರಾಗೂ ಹೋಗಂಗಿಲ್ಲ. ರವ್ಯಾ, ಈಗ ಜಗತ್ತು ಕಾಣಾಕತ್ತೈತಿ ನೋಡಲೇ." ಆ ಸಂಜೆ ಅವನು ಒಂದೂ ಗೋಲು ಬಿಡಲಿಲ್ಲ.

ರವಿವಾರ ಮಿರಜಿನಲ್ಲಿ ಬಿಸಿಲು ಇಳಿದಿರಲಿಲ್ಲ. ಮೋಡ ಕಟ್ಟಿತ್ತೆಂದೂ ನೆನಪು, ಅದನ್ನು ನಾನು ಪಟ್ಟು ಹಿಡಿದು ಹೇಳಲಾರೆ. ಮೈದಾನ ಬರೀ ಧೂಳು. ಎದುರಿನ ತಂಡದವರಿಗೆ ಒಂದೇ ಬಣ್ಣದ ಕಾಲುಚೀಲಗಳಿದ್ದವು. ನಮ್ಮವರು ಅವನ್ನು ನೋಡಿಯೇ ಅರ್ಧ ಸೋತಿದ್ದರು. ನಾನು ಗೆರೆಯ ಹೊರಗೆ, ತೊಡೆಯ ಮೇಲೆ ಮರುದಿನದ ಪೇಪರಿನ ನೋಟ್ಸ್ ಇಟ್ಟುಕೊಂಡು ಕುಳಿತಿದ್ದೆ. ಮೊದಲರ್ಧ ಮುಗಿದಾಗ ಎರಡೂ ಕಡೆ ಗೋಲಿಲ್ಲ. ಮಲ್ಲು ನೀರು ಕುಡಿಯಲು ಬಂದು ನನ್ನ ನೋಟ್ಸ್ ನೋಡಿದ.

"ಏನಲೇ ಇದು, ಬರೀ ಇರಿವಿ ಹರದಾಡಿದಂಗ ಐತಿ."

"ಶಾಖ ಎಲ್ಲಿಂದೆಲ್ಲಿಗೆ ಹೋಗತೈತಿ ಅಂತ."

"ಅದಕ್ಕ ಪುಸ್ತಕ ಬೇಕೇನು? ಈ ಹೆಲ್ಮೆಟ್ಟಿನಾಗ ತಲಿ ಹಾಕು, ತಿಳೀತೈತಿ."

ನನಗೆ ಅವನು ಪೂರ್ತಿ ಮುಖದಿಂದ ಹೇಳಿದ ಕೊನೆಯ ಮಾತು ಅದು.

ಎರಡನೆಯರ್ಧದಲ್ಲಿ ಅವರಿಗೊಂದು ಪೆನಾಲ್ಟಿ ಕಾರ್ನರ್ ಸಿಕ್ಕಿತು. ಮೊದಲ ಹೊಡೆತವನ್ನು ಮಲ್ಲು ಕಾಲಿನಿಂದ ತಡೆದ. ಚೆಂಡು ಮುಂದೆಯೇ ಬಿತ್ತು. ಅದರ ಮೇಲೆ ಮೈ ಚೆಲ್ಲಿದ. ಎದುರಿನ ಫಾರ್ವರ್ಡ್ ಅದೇ ಚೆಂಡಿಗಾಗಿ ಸ್ಟಿಕ್ಕು ಚಾಚಿ ಬಿದ್ದ. ಅವನು ಸ್ಟಿಕ್ಕು ಎತ್ತಿರಲಿಲ್ಲ. ಮಲ್ಲುವಿನ ಮುಖವೇ ನೆಲದ ಮಟ್ಟಕ್ಕೆ ಇಳಿದಿತ್ತು. ಇಷ್ಟನ್ನು ನಾನು ಕಂಡವನಂತೆ ಬರೆಯುತ್ತಿದ್ದೇನೆ. ಆದರೆ ಆ ಗಳಿಗೆಯಲ್ಲಿ ಹಾಳೆ ತಿರುವುತ್ತಿದ್ದೆ ಎಂಬ ನೆನಪೂ ಅಷ್ಟೇ ಗಟ್ಟಿಯಾಗಿದೆ. ಎರಡೂ ಹೇಗೆ ನಿಜವಾದಾವು? ತಲೆಯೆತ್ತಿದಾಗ ಸ್ಟಿಕ್ಕಿನ ತುದಿ ಜಾಳಿಯಲ್ಲಿ ಸಿಕ್ಕಿಕೊಂಡಿತ್ತು. ಆ ಹುಡುಗ ಅದನ್ನು ಕೀಳಲೂ ಆಗದೆ ಬಿಡಲೂ ಆಗದೆ ಹಿಡಿದು ನಿಂತು "ಆಯಿ ಗ, ಆಯಿ ಗ" ಎಂದು ತಾಯಿಯನ್ನು ಕರೆಯುತ್ತಿದ್ದ. ಅಂಪೈರ್ ಸೀಟಿ ಊದಿದ.

ಉಳಿದ ಹೊತ್ತು ಒಬ್ಬ ಫುಲ್‌ಬ್ಯಾಕ್ ಬರಿ ತಲೆಯಲ್ಲಿ ಗೋಲಿಗೆ ನಿಂತನಂತೆ. ಐದು ಗೋಲಿನಿಂದ ಸೋತೆವು. ನಾನು ಆಗ ಮಲ್ಲುವಿನ ಜೊತೆ ರಿಕ್ಷಾದಲ್ಲಿದ್ದೆ. ಮಿರಜಿನಲ್ಲಿ ಆಸ್ಪತ್ರೆಗೆ ದೂರ ಹೋಗಬೇಕಿಲ್ಲ, ಅದೊಂದು ಪುಣ್ಯ. ಟಾವೆಲ್ಲಿನಿಂದ ಮುಖ ಮುಚ್ಚಿಕೊಂಡು ಅವನು ಒಂದೇ ಕೇಳುತ್ತಿದ್ದ: "ಚೆಂಡು ಒಳಗ ಹೋತೇನು?" ಇಲ್ಲ ಎಂದೆ. ಅದು ನಿಜವಿತ್ತು.

ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಅವನ ತಾಯಿ ಬಂದಳು. ಅಪ್ಪ ಕುರಿಗಳ ಜೊತೆ ದೂರ ಹೋಗಿದ್ದ, ಸುದ್ದಿ ಮುಟ್ಟಿರಲಿಲ್ಲ. ತಂಡದವರೆಲ್ಲ ಮೊದಲ ಪಾಳಿಗೆ ಹೋಗಿದ್ದರು. ಪರೀಕ್ಷೆಯ ತನಕ ನಾನಿರುತ್ತೇನೆ ಎಂದು ಒಪ್ಪಿಕೊಂಡಿದ್ದೆ. ಒಂಬತ್ತಕ್ಕೆ ಡಾಕ್ಟರು ಬಂದರು. ಮರಾಠಿಯಲ್ಲಿ, ನಿಧಾನವಾಗಿ, ಏನೂ ಮುಚ್ಚಿಡದೆ ಹೇಳಿದರು: ಬಲಗಣ್ಣಿನ ಗುಡ್ಡೆ ಹೊಲಿದಿದ್ದೇವೆ, ಗುಡ್ಡೆ ಉಳಿದೀತು, ಆ ಕಣ್ಣಿಗೆ ದೃಷ್ಟಿ ಮರಳುವುದಿಲ್ಲ. ಮಲ್ಲುವಿನ ತಾಯಿಗೆ ಮರಾಠಿ ಬರುತ್ತಿರಲಿಲ್ಲ. ಅವಳು ಡಾಕ್ಟರ ಬಾಯಿ ಬಿಟ್ಟು ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ಏನಂದ್ರಪಾ ತಮ್ಮಾ?"

"ಕಣ್ಣು ಉಳೀತೈತಿ ಅಂದ್ರು, ಮಾವಶಿ."

"ನಿನ್ನ ಬಾಯಾಗ ಸಕ್ರಿ ಹಾಕ್ಲಿ ನನ್ನಪ್ಪಾ." ನನ್ನ ಮುಖಕ್ಕೆ ಕೈ ನೀವಾಳಿಸಿ ಲಟಿಕೆ ಮುರಿದಳು. "ಮತ್ತ ಇನ್ನೂ ಏನೋ ಭಾಳ ಮಾತಾಡಿದ್ರಲ್ಲ?"

"ಔಷಧದ್ದು ಹೇಳಿದ್ರು. ನನಗ ಪೇಪರ್ ಐತ್ರೀ, ಬರ್ತೇನಿ."

"ಹೋಗಪಾ, ಹೋಗು. ಓದು ಹುಡುಗ ನೀ. ಇಷ್ಟೊತ್ತು ಕುಂತಿದ್ದ ಭಾಳಾತು."

ಹನ್ನೊಂದಕ್ಕೆ ಪರೀಕ್ಷೆಯ ಕೋಣೆಯಲ್ಲಿ ಕುಳಿತು ಮೂರು ತಾಸು ಬರೆದೆ. ಕೈ ನಡುಗಿತು, ಕಣ್ಣಿಗೆ ಕತ್ತಲು ಬಂತು ಎಂದು ಬರೆಯಬಹುದಿತ್ತು. ಹಾಗೇನೂ ಆಗಲಿಲ್ಲ. ಬಹಳ ಚೆನ್ನಾಗಿ ಬರೆದೆ. ಎರಡು ಪುರವಣಿ ಹಾಳೆ ತೆಗೆದುಕೊಂಡೆ.

ಆಮೇಲಿನ ಪೇಪರುಗಳು ಮೂರು ವಾರ ನಡೆದವು. ಸಾಂಗ್ಲಿಯಿಂದ ಮಿರಜಿಗೆ ಅರ್ಧ ತಾಸು ಹಿಡಿಯುವುದಿಲ್ಲ. ನಾನು ಒಂದು ದಿನವೂ ಹೋಗಲಿಲ್ಲ. ಪೇಪರಿನ ನಡುವೆ ನಾಲ್ಕು ದಿನ ಬಿಡುವು ಬಂದರೂ ಹೋಗಲಿಲ್ಲ. ಮಲ್ಲು ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸುತ್ತಿದ್ದ. "ರವ್ಯಾ, ಪೇಪರ್ ಹ್ಯಾಂಗಾತಲೇ? ನಂದೂ ಪೇಪರ್ ತಪಾಸಾಕತ್ಯಾರ, ನಪಾಸ್ ಆಗೂ ಲಕ್ಷಣ ಐತಿ." ಇನ್ನೊಂದರಲ್ಲಿ ಬರೀ ವಾರ್ಡಿನ ಗದ್ದಲ, ಕೊನೆಗೆ "ಏನಿಲ್ಲ, ಸುಮ್ಮನ ಹಚ್ಚಿದ್ದೆ." ಮೂರನೆಯ ಪೇಪರಿನ ದಿನ ಬಂದದ್ದು ಇದು: "ಅವ್ವ ಇವತ್ತ ಕನ್ನಡ ಬರೂ ಆಯಾಬಾಯಿ ಕಡಿಂದ ಕೇಳಿ ತಿಳಕೊಂಡ್ಲು. ನಿನಗೇನೂ ಅನ್ನಲಿಲ್ಲ. ಅಂವಗ ಪರೀಕ್ಷಾ ಇತ್ತಲ್ಲ ಅಂದ್ಲು." ಯಾವುದಕ್ಕೂ ನಾನು ಉತ್ತರ ಕಳಿಸಲಿಲ್ಲ. ಪರೀಕ್ಷೆ ಮುಗಿದ ಮೇಲೆ ಕಳಿಸೋಣ ಎಂದುಕೊಂಡೆ. ಮುಗಿದ ಮೇಲೆ ಬಹಳ ತಡವಾಯಿತು ಎಂದುಕೊಂಡೆ.

ನನಗೆ ಫಸ್ಟ್ ಕ್ಲಾಸ್ ಬಂತು. ಧಾರವಾಡದಲ್ಲಿ ಎಂ.ಎಸ್ಸಿ.ಗೆ ಸೀಟು ಸಿಕ್ಕಿತು. ಮುಂದಿನ ವರ್ಷದ ಪಂದ್ಯಾವಳಿಯ ಚೀಟಿಯಲ್ಲಿ ಚಾಳದವರು ಯಾವ ಹೆಸರನ್ನೂ ಬರೆಸಲಿಲ್ಲ. ಮಲ್ಲುವನ್ನು ವರ್ಕ್‌ಶಾಪಿನವರು ಕೆಲಸದಿಂದ ಬಿಡಿಸಲಿಲ್ಲ, ಆದರೆ ಲೇಥಿನಿಂದ ತೆಗೆದರು. ತಿರುಗುವ ಕಬ್ಬಿಣಕ್ಕೂ ಬೆರಳಿಗೂ ನಡುವೆ ಎಷ್ಟು ದೂರವಿದೆ ಎಂದು ಒಂದೇ ಕಣ್ಣಿಗೆ ತಿಳಿಯುವುದಿಲ್ಲ. ಅವನು ಪ್ಯಾಕಿಂಗಿಗೆ ಹೋದ. ಬೇರೆಯವರು ಮಾಡಿದ ಭಾಗಗಳನ್ನು ಎಣ್ಣೆಕಾಗದದಲ್ಲಿ ಸುತ್ತುವುದು.

ಇದನ್ನೆಲ್ಲ ನಾನು ದೂರದಿಂದ ಕೇಳಿದ್ದೆ. ಅವ್ವನಿಗೆ ಪಟ್ಟಿ ಹಾಕಿದ ಆ ಮಧ್ಯಾಹ್ನ, ತಂಗಿಯನ್ನು ಅವಳ ಹತ್ತಿರ ಕೂರಿಸಿ, ಶೇರ್ ಆಟೋ ಹಿಡಿದು ಕುಪವಾಡಕ್ಕೆ ಹೋದೆ. ಮಲ್ಲು ಗೇಟಿನ ಹತ್ತಿರ ಚಹಾ ಕುಡಿಯುತ್ತಿದ್ದ. ಮೈ ಬಂದಿದೆ. ಬಲಗಣ್ಣು ಅರ್ಧ ಮುಚ್ಚಿದೆ. ನನ್ನನ್ನು ನೋಡಲು ಕುತ್ತಿಗೆಯನ್ನು ಪೂರ್ತಿ ತಿರುಗಿಸಬೇಕಾಯಿತು.

"ಯಾರಪಾ... ಓಹೋ, ಬೀಎಸ್ಸಿ! ಪೇಪರ್ ಮುಗದೂವೇನಲೇ?"

ಮೊದಲ ಸಲ ಅವನು ನನ್ನನ್ನು ಹಾಗೆ ಕರೆದದ್ದು. ಅವನೇ ಇನ್ನೊಂದು ಚಹಾ ಹೇಳಿದ. ಶಂಕರಕಾಕಾ ತೀರಿಕೊಂಡು ಮೂರು ವರ್ಷವಾಯಿತು ಎಂದ. ತಾಯಿ ಊರಿನಲ್ಲಿದ್ದಾಳೆ, ಗಟ್ಟಿಯಾಗಿದ್ದಾಳೆ ಎಂದ. ಚಹಾದ ಕಪ್ಪು ಕೆಳಗಿಟ್ಟು ಕೇಳಿದೆ:

"ಮಲ್ಲು, ಅವತ್ತ ನಾ ಸ್ಟಿಕ್ಕಿನ ಬಗ್ಗೆ ಕೇಳಿದ್ನೇನು? ಕಾಕಾ ನಕ್ಕಿದ್ರೇನು?"

"ಹೌದಲ್ಲ. ನೀ ಕೇಳಿದಿ, ಕಾಕಾ ನಕ್ರು. ಅಂಪೈರ್ ಸೀಟಿ ಊದ್ತಾನ ಅಂದ್ರು."

ಎದೆಯ ಮೇಲಿನ ಕಲ್ಲು ಸರಿದಂತಾಯಿತು. ಆದರೆ ನನ್ನ ಸ್ವಭಾವ ಸುಮ್ಮನೆ ಬಿಡಬೇಕಲ್ಲ. "ನೀ ಅಲ್ಲೇ ಇದ್ದೇನು?"

"ನಾ ಎಲ್ಲಿ? ನಾ ಮಷೀನ್ ಮ್ಯಾಲಿದ್ದೆ. ಗ್ರೌಂಡಿನಿಂದ ದವಾಖಾನಿಗೆ ಹೋಗೂಮುಂದ ರಿಕ್ಷಾದಾಗ ನೀನ ಹೇಳಿದ್ಯಲ್ಲ. ದಾರಿಗುಂಟ ಅದನ್ನ ಹೇಳಾಕತ್ತಿದ್ದಿ."

ಅಂದರೆ ಕಥೆ ಆ ರಿಕ್ಷಾದಲ್ಲಿಯೇ ತಯಾರಾಗಿತ್ತು, ಅವನ ರಕ್ತ ನಿಲ್ಲುವ ಮೊದಲು. ನಿಜವಿದ್ದು ಹೇಳಿದೆನೋ, ಹೆದರಿ ಕಟ್ಟಿದೆನೋ, ಈಗಲೂ ಹೇಳಲಾರೆ. ಮಲ್ಲು ನನ್ನ ಮುಖ ನೋಡಿ ಎದ್ದ.

"ಕಾಕಾನ ಕಾಗದ ಟೂಲ್‌ರೂಮಿನಾಗ ಹಂಗ ಅದಾವು. ಹೊಸಾ ಸಾಹೇಬಗ ಒಗ್ಯಾಕ ಧೈರ್ಯಿಲ್ಲ. ಬಾ, ನೋಡೇ ಬಿಡೂಣು. ನನಗೂ ನೋಡೂದೈತಿ."

ತಗಡಿನ ಪೆಟ್ಟಿಗೆಯಲ್ಲಿ ವರ್ಷವಾರು ದಾರ ಕಟ್ಟಿದ ಜಾಬ್‌ಕಾರ್ಡುಗಳು. ಮಲ್ಲು ಒಂದೊಂದನ್ನೇ ಎಡಗಣ್ಣಿನ ಹತ್ತಿರ ಹಿಡಿದು ನೋಡುತ್ತ ಹೋದ. ನಮ್ಮದು ಸಿಕ್ಕಾಗ ಬಹಳ ಹೊತ್ತು ನೋಡಿ, ನನ್ನ ಕೈಗೆ ಕೊಟ್ಟು, ತನ್ನ ಪಾಳಿಗೆ ಹೋದ.

ಪೆನ್ಸಿಲಿನ ಚಿತ್ರ, ಐದು ಸರಳು, ಸಂದಿ ಅರವತ್ತೆರಡು. ಬಿಡಿಸಿದವನ ಚೌಕದಲ್ಲಿ ನನ್ನ ಸಹಿಯಿದೆ. ತಪಾಸಣೆ ಮಾಡಿದವನ ಚೌಕದಲ್ಲಿಯೂ ಇರುವುದು ನನ್ನದೇ ಸಹಿ.